ತಮ್ಮನ ಗಣಿತ ಯಾರ ಪಾಲಿಗೆ?

ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಮಾವನವರ ಗಮಕಕ್ಕೆ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಹಾಡುವ ವಿದ್ಯೆಗೆ, ಒಂದೂವರೆ ಪುಟ, ಯಜಮಾನರ ಆದರ್ಶಕ್ಕೆ ಒಂದು ಪುಟ ಸಿಕ್ಕಿದೆ. ಮಗಳ ದಿನಚರಿಗೆ ಸಿಕ್ಕಿದ್ದು ಆರೇ ಸಾಲು. ಓದಿ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ಪತ್ರ ಬರೆದವರು ಒಬ್ಬ ತಾಯಿ, ಉಳಿದ ಓದುಗರಿಗಾಗಿ ವಿಷಯ ಇಷ್ಟು. ಮೂರನೇ ಕ್ಲಾಸಿಗೆ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. ಬರುವ ಮಾರ್ಚಿಗೆ ಅವಳಿಗೆ 13 ತುಂಬುತ್ತದೆ. ತಮ್ಮನಿಗೆ 9, ಅವನು ಶಾಲೆಯ ಮೆಟ್ಟಿಲೇ ಹತ್ತಿದವನಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಇಬ್ಬರಿಗೂ ತಾತನ ಹತ್ತಿರ ಕುಮಾರವ್ಯಾಸ ಭಾರತದ ಗಮಕ, ಆಮೇಲಿನ ಪಾಠವೆಲ್ಲ ಅಮ್ಮನದು. ಅಪ್ಪನಿಗೆ ಕಂಪನಿ ಕೆಲಸ. ಈಗ ಮಗಳು ಶಾಲೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಗಂಟಲು ನೋವೆಂದು ಗಮಕವನ್ನೂ ತಪ್ಪಿಸುತ್ತಿದ್ದಾಳೆ. ಮನೆತನದ ವಿದ್ಯೆ ಇವಳ ಕಾಲಕ್ಕೆ ನಿಂತುಹೋಯಿತು ಎಂದು ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದಾರೆ. ಕಳಿಸುವುದೋ ಬೇಡವೋ, ಇದು ಅಮ್ಮನ ಪ್ರಶ್ನೆ.

ನನ್ನ ಕಣ್ಣು ನಿಂತದ್ದು ಮೂರನೇ ಪುಟದ ಕೊನೆಯಲ್ಲಿ. "ಹನ್ನೊಂದರಿಂದ ಒಂದರವರೆಗೆ ನನಗೆ ಅಡುಗೆ ಕೆಲಸ. ಆಗ ಅವಳೇ ತಮ್ಮನಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಾಳೆ, ನನಗೂ ಅನುಕೂಲ." ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ದಿನಕ್ಕೆ ಎರಡು ಗಂಟೆಯಂತೆ ಆರು ದಿನಕ್ಕೆ ಲೆಕ್ಕ ಹಾಕಿ. ವಾರಕ್ಕೆ ಹನ್ನೆರಡು ಗಂಟೆ ಈ ಹುಡುಗಿ ಸಂಬಳವಿಲ್ಲದ ಟೀಚರು. ತಮ್ಮ ಭಾಗಾಕಾರ ತಪ್ಪು ಮಾಡಿದರೆ ಬೈಸಿಕೊಳ್ಳುವವಳೂ ಅವಳೇ ಅಂತೆ, ಅದನ್ನೂ ನೀವೇ ಬರೆದಿದ್ದೀರಿ. ಅವಳು ಭಿನ್ನರಾಶಿಯಲ್ಲೇ ನಿಂತಿದ್ದಾಳೆ, ಬೀಜಗಣಿತ ಹತ್ತುತ್ತಿಲ್ಲ ಎಂದು ಬೇರೆ ಕೊರಗುತ್ತೀರಿ. ಹತ್ತುವುದು ಹೇಗೆ? ತಲೆ ಚುರುಕಾಗಿರುವ ಹೊತ್ತೆಲ್ಲ ತಾತನಿಗೂ ತಮ್ಮನಿಗೂ ಹೋಗಿ, ಅವಳ ಸ್ವಂತ ಗಣಿತ ಊಟವಾದ ಮೇಲೆ ಎರಡೂವರೆಗೆ ಶುರುವಾಗುತ್ತಿದೆ.

ಆಗೊಮ್ಮೆ ಈಗೊಮ್ಮೆ ಚಿಕ್ಕವರಿಗೆ ಹೇಳಿಕೊಡುವುದು ಒಳ್ಳೆಯದೇ, ತನಗೇ ವಿಷಯ ಗಟ್ಟಿಯಾಗುತ್ತದೆ. ಆದರೆ ತಮ್ಮ ಕಲಿತನೋ ಇಲ್ಲವೋ ಎಂಬ ಹೊಣೆ ಅವಳ ತಲೆಗೆ ಬಂದ ದಿನದಿಂದ ಅದು ನೌಕರಿ. ಶಾಲೆಯಲ್ಲಾದರೆ ಅವಳು ಬರೀ ವಿದ್ಯಾರ್ಥಿನಿ. ಅವಳಿಗೆ ಬೇಕಿರುವುದು ಇದೇ ಇರಬಹುದು, ಯಾರಾದರೂ ಕೇಳಿದ್ದೀರಾ?

ಇನ್ನು ಗಂಟಲು. ಅದನ್ನು ನೆಪ ಎಂದು ತಳ್ಳಬೇಡಿ. ಹಾಡಿಗೆ ಆಧಾರ ಸ್ವರ ಕೊಡುವ ಶ್ರುತಿ ಪೆಟ್ಟಿಗೆ ಯಾವಾಗಲೂ ತಾತನ ಒಂದು ಮನೆ ಶ್ರುತಿಯಲ್ಲೇ ಇರುತ್ತದೆ ಎಂದು ಬರೆದಿದ್ದೀರಿ, ಅದು ಗಂಡಸರ ತಗ್ಗಿನ ಶ್ರುತಿ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಐದು, ಐದೂವರೆ ಮನೆಯ ಆಸುಪಾಸಿನ ಎತ್ತರದ ಶ್ರುತಿ ಬೇಕು. ಒಂದರಲ್ಲಿ ಹಾಡಲು ಹೋದರೆ ಕೆಳಗೆ ಸ್ವರವೇ ಸಿಗುವುದಿಲ್ಲ, ಮೇಲಿನ ಸ್ಥಾಯಿಗೆ ಹಾರಿದರೆ ಗಂಟಲು ಹರಿದುಕೊಳ್ಳಬೇಕು. ಇಬ್ಬರಿಗೂ ಒಟ್ಟಿಗೆ ಹಾಡಿಸುವ ಬದಲು ತಾತ ಹಾಡಿ ನಿಲ್ಲಿಸಲಿ, ಪೆಟ್ಟಿಗೆಯನ್ನು ಅವಳ ಶ್ರುತಿಗೆ ತಿರುಗಿಸಿಕೊಂಡು ಅವಳು ಹಾಡಲಿ. ಎರಡು ವಾರ ಕಳೆದೂ ಧ್ವನಿ ಒಡೆದಂತೆಯೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಎರಡು ಗಂಟೆ ಪಾಠವೂ ಜಾಸ್ತಿಯಾಯಿತು. ಮುಕ್ಕಾಲು ಗಂಟೆ, ಎರಡು ಪದ್ಯ ಸಾಕು, ಕ್ರಮ ಮಾತ್ರ ಸರಿಯಿರಬೇಕು. ನಿಮ್ಮ ಮನೆಯಲ್ಲಿ ಮೊದಲೇ ರಾಗ ಹಾಕಿ ಹಾಡಿಸುತ್ತಾರೆ, ಅರ್ಥ ಆಮೇಲೆ. ಕುಮಾರವ್ಯಾಸ ಬರೆದ ಆರು ಸಾಲಿನ ಭಾಮಿನಿ ಷಟ್ಪದಿಗೆ ಇದು ಅಪಾಯ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವ ಹೊತ್ತು ಒಂದು ಮಾತ್ರೆ), ಮೂರು ಮತ್ತು ಆರನೆಯದಕ್ಕೆ 23. ಮೂರು ಮಾತ್ರೆ, ನಾಲ್ಕು ಮಾತ್ರೆಯ ಆ ಗತಿ ಮಕ್ಕಳನ್ನು ಎಳೆದುಕೊಂಡು ಹೋಗಿಬಿಡುತ್ತದೆ, ಅವರು ಮಾತ್ರೆ ಮುಗಿದಲ್ಲೇ ಪದವನ್ನೂ ಮುಗಿಸುತ್ತಾರೆ. ಮೊದಲನೇ ಪದ್ಯವನ್ನೇ ತೆಗೆದುಕೊಳ್ಳಿ. "ಶ್ರೀವನಿತೆಯರಸನೆ ವಿಮಲ ರಾ" ಎಂಬಲ್ಲಿಗೆ ಸಾಲು ಮುಗಿಯುತ್ತದೆ, "ಜೀವ" ಮುಂದಿನ ಸಾಲಿನಲ್ಲಿದೆ. ಪದ ಬಿಡಿಸದೆ ಹಾಡಿದ ಮಗು ರಾಜೀವ (ತಾವರೆ) ಎಂಬ ಪದವನ್ನು ಎರಡು ತುಂಡು ಮಾಡಿಯೇ ಬಾಯಿಪಾಠ ಮಾಡುತ್ತದೆ, ಆಮೇಲೆ ತಿದ್ದುವುದು ಕಷ್ಟ. ಆದ್ದರಿಂದ ಮೊದಲು ರಾಗವಿಲ್ಲದೆ ಓದಿ, ಪದಚ್ಛೇದ ಮಾಡಿಸಿ, ಮಾತಿನ ಕ್ರಮದಲ್ಲಿ ಅನ್ವಯಕ್ಕೆ ಕೂಡಿಸಿ, ಅರ್ಥವನ್ನು ಅವಳ ಮಾತಿನಲ್ಲೇ ಹೇಳಿಸಿ. ರಾಗ ಕಡೆಯಲ್ಲಿ ಬರಲಿ. ಅರ್ಥವನ್ನು ಅರ್ಧ ಪುಟ ಬರೆದಿಡಲಿ, ಮುಂದೆ ಪರೀಕ್ಷೆಗೆ ಕೂರುವಾಗ ಆ ಕೈ ಬೇಕಾಗುತ್ತದೆ. ಕೇಳಿಯೇ ಕಲಿತ ಮಕ್ಕಳಿಗೆ ಬಾಯಿಗೆ ಬಂದದ್ದು ಕೈಗೆ ಬರುವುದಿಲ್ಲ.

ಶಾಲೆಗೆ ಹೋದರೆ ಗಮಕ ಹೋಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೇ ಹೆಸರಾದ ಊರು, ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ಊರಿನ ಮಕ್ಕಳೇನು ಶಾಲೆ ಬಿಟ್ಟು ಕೂತಿಲ್ಲ.

ದಾರಿ ಎರಡಿದೆ, ಎರಡಕ್ಕೂ ತಾರೀಕು ನೋಡಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದೊಳಗಿನ ಮಗು ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು, ಹಿಂದುಳಿದದ್ದನ್ನು ತುಂಬಿಕೊಳ್ಳಲು ವಿಶೇಷ ತರಬೇತಿ ಕೇಳಬಹುದು. ಬರುವ ಜೂನಿನಲ್ಲಿ ನಿಮ್ಮ ಮಗಳು ಎಂಟನೇ ತರಗತಿಗೆ ಸರಿಯಾಗುತ್ತಾಳೆ. ಆ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಯವರೆಗೆ ಮಾತ್ರ, ಒಂದು ವರ್ಷ ತಡೆದರೆ ಈ ಹಕ್ಕು ಕೈತಪ್ಪುತ್ತದೆ. ಹಳೇ ಶಾಲೆಯ ಟಿ.ಸಿ.ಗೆ ಈಗಲೇ ಅರ್ಜಿ ಕೊಡಿ. ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್), ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವುದು. ಹತ್ತನೇ ತರಗತಿಗೆ ನೋಂದಾಯಿಸಲು ಕನಿಷ್ಠ 14 ವರ್ಷ ಆಗಿರಬೇಕು. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಕನ್ನಡ ತೆಗೆದುಕೊಳ್ಳಬಹುದು. ಐದು ವರ್ಷದೊಳಗೆ ಒಂಬತ್ತು ಅವಕಾಶ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ವಿಜ್ಞಾನ ತೆಗೆದುಕೊಂಡರೆ ಪ್ರಾಯೋಗಿಕ ಪರೀಕ್ಷೆ ಇದೆ ಎಂಬುದನ್ನು ಮನೆಪಾಠದವರು ಕೊನೇ ತಿಂಗಳಿನವರೆಗೂ ಮರೆತಿರುತ್ತಾರೆ.

ಈಗ ಯಜಮಾನರ ಮಾತು. ಮಾವನವರನ್ನು ನಾನು ದೂರುವುದಿಲ್ಲ, ಈ ವಯಸ್ಸಿನಲ್ಲಿ ಬೆಳಿಗ್ಗೆ ಆರಕ್ಕೆ ಕೂತು ಹೇಳಿಕೊಡುತ್ತಿದ್ದಾರೆ. ನಿಮ್ಮವರು? ಗಮಕ ಕಲಿತಿಲ್ಲ, ಇಂಜಿನಿಯರಿಂಗ್ ಓದಿದರು. ಮನೆತನದ ವಿದ್ಯೆ ನಿಂತದ್ದು ಅವರ ಕಾಲಕ್ಕೆ. ಹಾಗಿದ್ದೂ ಮಾತು ಬಿಟ್ಟದ್ದು ಹನ್ನೆರಡು ವರ್ಷದ ಹುಡುಗಿಯ ಮೇಲೆ! ಮನೆಪಾಠದ ತೀರ್ಮಾನ ಅವರದು, ಆದರೆ ನಿಮ್ಮ ಇಡೀ ಪತ್ರದಲ್ಲಿ ಅವರು ಮಾಡುವ ಪಾಠ ಒಂದೂ ಇಲ್ಲ. ಯಾರು ಯಾವ ಕೆಲಸ ಎಷ್ಟು ಹೊತ್ತು ಮಾಡುತ್ತಾರೆ ಎಂದು ಹಾಳೆಯ ಮೇಲೆ ಬರೆಯದೆ ಮನೆಯ ಜಗಳ ಬಗೆಹರಿಯುವುದಿಲ್ಲ ಎಂಬುದು ನನ್ನ ಹಳೇ ರಾಗ, ಈ ಅಂಕಣದ ಓದುಗರಿಗೆ ಕೇಳಿ ಕೇಳಿ ಬೇಸರ ಬಂದಿರಬಹುದು. ಆದರೂ ಇನ್ನೊಮ್ಮೆ ಹೇಳುತ್ತೇನೆ, ಒಂದು ವಾರ ಬರೆಯಿರಿ.

ಶಾಲೆಯ ಪ್ರಶ್ನೆಯನ್ನು ಸದ್ಯ ಬದಿಗಿಡಿ, ನೀವು ಮಾಡಬೇಕಾದದ್ದು ಒಂದೇ. ಈ ಸೋಮವಾರದಿಂದ ತಮ್ಮನ ಗಣಿತ, ಇಂಗ್ಲಿಷ್ ಅಪ್ಪನ ಪಾಲಿಗೆ. ರಾತ್ರಿ ಎಂಟರಿಂದ ಒಂಬತ್ತು, ಒಂದೇ ಗಂಟೆ, ಫೋನ್ ಬೇರೆ ಕೋಣೆಯಲ್ಲಿರಲಿ. ಹನ್ನೊಂದರಿಂದ ಒಂದರವರೆಗೆ ಮಗ ನಿಮ್ಮ ಜೊತೆ ಅಡುಗೆಮನೆಯಲ್ಲಿ ಕೂತು ಲೆಕ್ಕ ಮಾಡಲಿ, ಇಲ್ಲವೇ ಹೊರಗೆ ಆಡಲಿ. ಮಗಳ ಆ ಎರಡು ಗಂಟೆ ಅವಳದು, ಏನು ಮಾಡುತ್ತಾಳೆಂದು ವಿಚಾರಿಸಬೇಡಿ. ಎರಡು ತಿಂಗಳು ಹೀಗೆ ನಡೆಸಿ ಆಮೇಲೆ ಕೇಳಿ. ಆಗಲೂ ಶಾಲೆ ಎಂದರೆ ಜೂನಿಗೆ ಸೇರಿಸಿ, ಚರ್ಚೆ ಬೇಡ. ಯಜಮಾನರು ಟೈಮ್ ಇಲ್ಲ ಎಂದರೆ ಎರಡು ತಿಂಗಳೂ ಕಾಯಬೇಡಿ.