ಮಲ್ಪೆಯ ಎದುರಿನ ಕಲ್ಲಿನ ಕಂಬಗಳು

ಪ್ರಶ್ನೆ: ಮೇಷ್ಟ್ರೇ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಮ್ಮ ದೇಶದ ನಿಸರ್ಗ ವಿಸ್ಮಯಗಳನ್ನು ತೋರಿಸಬೇಕು. ಎಲ್ಲಿಂದ ಶುರು ಮಾಡಲಿ?
– ಇಬ್ಬರು ಮಕ್ಕಳ ತಾಯಿ, ದಾವಣಗೆರೆ

ಉತ್ತರ: ಮಲ್ಪೆಯಿಂದಲೇ ಶುರು ಮಾಡಿ, ತಾಯಿ. ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ತೋನ್ಸೆಪಾರ್ ಎಂಬ ಹೆಸರೂ ಅದಕ್ಕಿದೆ. ಭೂಗೋಳ ಪಾಠ ಮಾಡುತ್ತಿದ್ದಾಗ ಎಷ್ಟೋ ತರಗತಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ‘ಕಂಬದ ಮೂಲೆ ಎಣಿಸಿ’ ಅಂತ ಬಿಟ್ಟುಬಿಡುತ್ತಿದ್ದೆ. ಕೆಲವಕ್ಕೆ ಐದು, ಹಲವಕ್ಕೆ ಆರು. ಯಾರು ಕೆತ್ತಿದರು ಸಾರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಯಾರೂ ಕೆತ್ತಿಲ್ಲ. ಕೆರೆಯ ಕೆಸರು ಒಣಗಿದಾಗ ಬಿರಿಯುತ್ತದಲ್ಲ, ಹಾಗೆಯೇ ಲಾವಾ ತಣಿಯುತ್ತ, ಕುಗ್ಗುತ್ತ ಬಿರಿಯಿತು. ಬಿರುಕು ಆಳಕ್ಕಿಳಿದು ಕಂಬಗಳಾದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಈಗ ಆಫ್ರಿಕಾದ ಬಳಿಯಿರುವ ಮಡಗಾಸ್ಕರ್ ದ್ವೀಪ ನಮ್ಮ ಭೂಭಾಗದಿಂದ ಬೇರೆಯಾಗುತ್ತಿದ್ದ ಕಾಲದ್ದು. ಆ ಕಲ್ಲಿನ ಮೇಲೆ ಅಂಗೈ ಇಟ್ಟಾಗಲೆಲ್ಲ ನನಗೆ ಇಂದಿಗೂ ಮೈ ಜುಂ ಎನ್ನುತ್ತದೆ.

ಆಮೇಲೆ ಮಹಾರಾಷ್ಟ್ರದ ಲೋಣಾರ್. ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲಿನ ನೆಲಕ್ಕೆ ಬಾಹ್ಯಾಕಾಶದ ಬಂಡೆ ಅಪ್ಪಳಿಸಿ ಆದ ಕುಳಿ, ಅಡ್ಡಗಲ ಸುಮಾರು 1.8 ಕಿ.ಮೀ. ತಳದಲ್ಲಿ ಉಪ್ಪು, ಕ್ಷಾರ ಬೆರೆತ ಕೆರೆ. 2020ರ ಜೂನ್‌ನಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಗಳಿಂದ ಅದು ಗುಲಾಬಿಯಾಗಿತ್ತು.

ಮೇಘಾಲಯದ ಜೀವಂತ ಬೇರುಸೇತುವೆ, ಅಂದರೆ ಬದುಕಿರುವ ಮರದ ಬೇರುಗಳನ್ನೇ ಹೆಣೆದು ಬೆಳೆಸಿದ ಸೇತುವೆ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲಿರಲಿ. ಅದಿರುವ ನೊಂಗ್ರಿಯಾಟ್ ಹಳ್ಳಿಗೆ ಸಾವಿರಾರು ಮೆಟ್ಟಿಲು ಇಳಿಯಬೇಕು.

ಮಲ್ಪೆಗೆ ಏಪ್ರಿಲ್‌ನಲ್ಲೇ ಹೊರಡಿ, ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಟೋಪಿ, ನೀರು ಇರಲಿ. ಕಲ್ಲಿನ ಚೂರನ್ನು ಮಾತ್ರ ಮಕ್ಕಳು ಜೇಬಿಗಿಳಿಸದಂತೆ ನೋಡಿಕೊಳ್ಳಿ.