ಒಂದು ಚುಕ್ಕೆ ಬಿಟ್ಟುಹೋದರೆ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: “ಮಧ್ಯಯುಗದ ಪರ್ಷಿಯನ್ ಶಾಸ್ತ್ರಕಾರರು ಸ್ಥಾಯಿಯನ್ನು (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಹರವನ್ನು) 17 ಭಾಗ ಮಾಡಿದ್ದರೆಂದು ಕಳೆದ ಸಂಚಿಕೆಯಲ್ಲಿ ಓದಿದೆ. ಇದು ಸ್ಥಾಯಿಯೊಳಗಿನ ಸೂಕ್ಷ್ಮ ನಾದಗಳಾದ ನಮ್ಮ 22 ಶ್ರುತಿಗಳ ನಕಲಲ್ಲವೇ? ಹಾಡುಗಳಿಗೆ ಸ್ವರಲಿಪಿಯನ್ನೂ ಬರೆದಿಟ್ಟಿದ್ದರೆಂದ ಮೇಲೆ ಅವನ್ನು ಅಂದಿನಂತೆಯೇ ಇಂದು ಹಾಡಲು ಏಕಾಗದು?”

ಸಂಪಾದಕರ ಉತ್ತರ:

ಮಾನ್ಯರೇ, ನಕಲೆನ್ನಲು ಆಧಾರವಿಲ್ಲ. 17ರ ಲೆಕ್ಕವನ್ನು ವ್ಯವಸ್ಥಿತವಾಗಿ ಮುಂದಿಟ್ಟ ಸಫೀಯುದ್ದೀನ್ ಉರ್ಮವಿ ಬಾಗ್ದಾದಿನ ಕೊನೆಯ ಅಬ್ಬಾಸಿ ಖಲೀಫನ ಆಸ್ಥಾನದಲ್ಲಿದ್ದು, 1258ರಲ್ಲಿ ಮಂಗೋಲರು ಆ ನಗರವನ್ನು ಸೂರೆಗೈದಾಗಲೂ ಬದುಕುಳಿದು, 1294ರಲ್ಲಿ ತೀರಿಕೊಂಡವರು. ಅವರ ‘ಕಿತಾಬ್ ಅಲ್-ಅದ್ವಾರ್’ ಇರುವುದು ಅರಬ್ಬಿಯಲ್ಲಿ. ನಮ್ಮ ಲೇಖನ ಅದನ್ನು ಹೇಳದೆ ಬಿಟ್ಟದ್ದು ತಪ್ಪೇ. ಅದೇ ವಿಚಾರವನ್ನು ಪರ್ಷಿಯನ್ನಿನಲ್ಲಿ ಬೆಳೆಸಿದವರು ಮುಂದೆ ಬಂದ ಕುತ್ಬುದ್ದೀನ್ ಶೀರಾಜಿ ಮತ್ತು ಅಬ್ದುಲ್ ಖಾದಿರ್ ಮರಾಘಿ.

ಉರ್ಮವಿಯವರದು ತಂತಿಯ ಉದ್ದವನ್ನು ಅಳೆದು ಹೇಳುವ ಶಾಸ್ತ್ರ. ತೆರೆದ ತಂತಿಯನ್ನು ಒಂದನೆಯ ಸ್ಥಾನವೆಂದು ಎಣಿಸಿದರೆ, ತಂತಿಯ ಮುಕ್ಕಾಲು ಉದ್ದದಲ್ಲಿ ನಿಲ್ಲುವ ಮಧ್ಯಮ ಎಂಟನೆಯದು, ಮೂರನೇ ಎರಡು ಉದ್ದದ ಪಂಚಮ ಹನ್ನೊಂದನೆಯದು, ಅರ್ಧ ಉದ್ದದ ತಾರಷಡ್ಜ (ಮೇಲಿನ ‘ಸ’) ಹದಿನೆಂಟನೆಯದು. ಸ್ಥಾಯಿಯಲ್ಲಿರುವ ಐದು ಪೂರ್ಣಾಂತರಗಳಲ್ಲಿ (ದೊಡ್ಡ ಸ್ವರಾಂತರಗಳಲ್ಲಿ) ಪ್ರತಿಯೊಂದನ್ನೂ 256:243 ಪ್ರಮಾಣದ ಎರಡು ತುಂಡು ಮತ್ತು ಉಳಿದ ಒಂದು ಕಿರುತುಂಡಾಗಿ ಒಡೆದರೆ ಹದಿನೈದಾಗುತ್ತದೆ. ಒಡೆಯದೆ ಉಳಿಯುವ ಎರಡು ಚಿಕ್ಕ ಅಂತರಗಳು ಸೇರಿ ಹದಿನೇಳು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ, ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವನಾದರೋ, ನಡುವೆ ಇನ್ನೊಂದು ನಾದಕ್ಕೆ ಎಡೆಯಿಲ್ಲದಂತೆ ಒಂದಕ್ಕಿಂತ ಒಂದನ್ನು ತುಸುವೇ ಏರಿಸಿ 22 ತಂತಿಗಳನ್ನು ಕಿವಿಯಿಂದಲೇ ಕೂಡಿಸುವಂತೆ ಹೇಳುತ್ತಾನೆ. ಇಬ್ಬರು ಹೊರಟ ದಾರಿಗಳೇ ಬೇರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹಸ್ತಪ್ರತಿಗಳಲ್ಲೇ ಇದೆ. ಸ್ಥಾನಗಳನ್ನು ಅಂಕಿಯ ಬದಲು ಅಕ್ಷರಗಳಿಂದ ಗುರುತಿಸುತ್ತಿದ್ದರು; ಮೇಳಕರ್ತ ರಾಗಗಳ ಹೆಸರಿನ ಅಕ್ಷರಗಳಿಂದ ಅವುಗಳ ಸಂಖ್ಯೆ ತಿಳಿಯುವ ಕಟಪಯಾದಿ ಬಲ್ಲವರಿಗೆ ಇದು ಹೊಸತೇನಲ್ಲ. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು, ಹೇ ಎಂಟು, ಯೇ ಹತ್ತು. ತೊಡಕಿರುವುದು ಜೀಮ್‌ಗೂ ‘ಹೇ’ ಅಕ್ಷರಕ್ಕೂ ನಡುವೆ: ಎರಡರ ಆಕಾರ ಒಂದೇ, ವ್ಯತ್ಯಾಸ ಒಂದು ಚುಕ್ಕೆಯದು. ಲಿಪಿಕಾರ ಚುಕ್ಕೆಯಿಡಲು ಮರೆತರೆ ಯೇ, ಜೀಮ್ ಸೇರಿಸಿ ಬರೆದ 13 ಹೋಗಿ 18 ಆಗುತ್ತದೆ, ಅಂದರೆ ಧೈವತದ ಆಸುಪಾಸಿನ ಸ್ವರವಿರಬೇಕಾದ ಕಡೆ ತಾರಷಡ್ಜ ಬಂದು ಕೂರುತ್ತದೆ. ಈ ಗೊಂದಲ ತಪ್ಪಿಸಲು ಜೀಮ್‌ನ ಬಾಲವನ್ನೇ ಮೊಟಕುಗೊಳಿಸುವ ರೂಢಿಯಿತ್ತು. ಸಂಗೀತ ತಿಳಿಯದೆ ಕೂಲಿಗೆ ನಕಲು ಮಾಡುವವನಿಂದ ಅಷ್ಟು ಜಾಗ್ರತೆಯನ್ನು ನಿರೀಕ್ಷಿಸುವುದು ಕಷ್ಟ. ಆದ್ದರಿಂದ ಒಂದೇ ಪ್ರತಿಯನ್ನು ನಂಬಿ ಹಾಡಹೊರಡುವವರನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಪಾಠ ಶುದ್ಧವಾಗಿದ್ದರೂ ಸಿಗುವುದು ಸ್ವರಸ್ಥಾನ ಮತ್ತು ಅದರ ಕೆಳಗೆ ಅಂಕಿಯಲ್ಲಿ ಬರೆದ ಕಾಲಪ್ರಮಾಣ ಮಾತ್ರ. ನಾವು ಗಮಕವೆನ್ನುವ, ಸ್ವರವನ್ನು ಬಳುಕಿಸಿ ಹಾಡುವಂಥದ್ದಕ್ಕೆ ಅಲ್ಲಿ ಗುರುತಿಲ್ಲ.

1435ರಲ್ಲಿ ಹೆರಾತಿನಲ್ಲಿ ತೀರಿಕೊಂಡ ಮರಾಘಿಯ ‘ಜಾಮಿ ಅಲ್-ಅಲ್ಹಾನ್’ ಅವನದೇ ಕೈಬರಹದಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಆತ ತನ್ನ ರಚನೆಗಳನ್ನು ಸ್ವರಲಿಪಿಯೊಡನೆ ಕೂಡಿಟ್ಟಿದ್ದ ‘ಕನ್ಜ್ ಅಲ್-ಅಲ್ಹಾನ್’ ಮಾತ್ರ ಈವರೆಗೆ ಎಲ್ಲಿಯೂ ಸಿಕ್ಕಿಲ್ಲ.

— ಸಂ.