ಡ್ರೈನ್ ಪೈಪಿನಲ್ಲಿ ರಕ್ತ ಬಂದು ನಿಂತಿದ್ದರೆ ಕಾಯಬಹುದಾ?

ಅಪ್ಪನಿಗೆ ಜಠರದ ಆಪರೇಷನ್ ಆಗಿ 12 ದಿನ, ಡ್ರೈನ್ ಪೈಪಿನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆ) ಸ್ವಲ್ಪ ಕೆಂಪು ರಕ್ತ ಬಂದು ತಾನೇ ನಿಂತಿತು, ನಾಳೆವರೆಗೆ ಕಾಯಬಹುದಾ ಎಂದು ಕೇಳಿದ್ದೀರಿ. ಕಾಯಬೇಡಿ. ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಸರ್ಜನ್‌ಗೂ ತಿಳಿಸಿ.

ಹೆದರಿಸೋಕೆ ಹೇಳುತ್ತಿಲ್ಲ, ಇದರಿಂದ ದೊಡ್ಡ ರಕ್ತಸ್ರಾವ ಆಗುವುದು ಅಪರೂಪ. ಆದರೆ ಜಠರದ ಹಿಂದೆಯೇ ಇರುವ ಮೇದೋಜೀರಕ ಗ್ರಂಥಿಯ ರಸ ಸೋರಿದರೆ ಅಥವಾ ಒಳಗೆ ಸೋಂಕಾದರೆ ಪಕ್ಕದ ರಕ್ತನಾಳದ ಗೋಡೆ ಸವೆದು ಬಲೂನಿನಂತೆ ಉಬ್ಬಬಹುದು. ಎಷ್ಟೋ ಸಲ ಮೊದಲು ಸ್ವಲ್ಪ ರಕ್ತ ಜಿನುಗಿ ನಿಲ್ಲುತ್ತದೆ. ಕೆಲವು ಗಂಟೆಯೋ ದಿನವೋ ಕಳೆದು ಒಮ್ಮೆಲೇ ಒಡೆಯಬಹುದು. ಆ ಮಧ್ಯದ ಹೊತ್ತೇ ನಿಮ್ಮ ಕೈಯಲ್ಲಿರುವುದು.

ಎಂಡೋಸ್ಕೋಪಿಯಲ್ಲಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರದ ಒಳಗೆ ನೋಡುವುದು) ಏನೂ ಕಾಣಲಿಲ್ಲ ಅಂತ ಸುಮ್ನಾಗಬೇಡಿ, ರಕ್ತ ಜಠರದ ಹೊರಗೆ ಸೋರುತ್ತಿರಬಹುದು ಅಲ್ವಾ? ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕಾ ಎಂದು ನೀವೇ ಕೇಳಿ. ರಕ್ತ ಸೋರುವ ಜಾಗ ಸಿಕ್ಕಿದರೆ ಸಾಮಾನ್ಯವಾಗಿ ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಕಾಯಿಲ್ (ಸಣ್ಣ ಲೋಹದ ತಂತಿಯ ಸುರುಳಿ) ಇಟ್ಟು ನಾಳ ಮುಚ್ಚುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.